ಅಂಟಿಗಿಂತ ಮೊದಲು ಕ್ಲಾಂಪು: ಪಿಯಾನೊ ರಿಪೇರಿಯಲ್ಲಿ ಮರ ಕೂಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಒಂದು ಮೇ ತಿಂಗಳ ಮಧ್ಯಾಹ್ನ. ಬಳ್ಳಾರಿಯ ನನ್ನ ಕೆಲಸದ ಕೋಣೆಯಲ್ಲಿ ಪಿಯಾನೊದ ಮುರಿದ ಮನೆಯೊಂದಕ್ಕೆ, ಅಂದರೆ ಬೆರಳಲ್ಲಿ ಒತ್ತುವ ಕೀಗೆ, ಬಿಳಿ ಅಂಟು ಹಚ್ಚಿ, ಎರಡೂ ತುಂಡು ಕೂಡಿಸಿ ಹಿಡಿದುಕೊಂಡಿದ್ದೆ. ಬಿಗಿದು ಹಿಡಿಯುವ ಕ್ಲಾಂಪು ಹಾಕಲು ಹೋದಾಗ ಗೊತ್ತಾಯಿತು, ಅದರ ಬಾಯಿ ಸಾಲುವುದಿಲ್ಲ. ದೊಡ್ಡದು ಅಟ್ಟದ ಮೇಲಿತ್ತು. ಏಣಿ ಹತ್ತಿ, ಹುಡುಕಿ, ಇಳಿದು ಬರುವಷ್ಟರಲ್ಲಿ ಅಂಟಿನ ಮೇಲೆ ಕೆನೆ ಕಟ್ಟಿತ್ತು. ಆದರೂ ಬಿಗಿದೆ. ಹದಿನೈದೇ ದಿನಕ್ಕೆ ಆ ಮನೆ ಅದೇ ಜಾಗದಲ್ಲಿ ಬಿಟ್ಟುಕೊಂಡಿತು. ಬಿಟ್ಟ ಮುಖ ನೋಡಿದರೆ ಅಂಟು ಒಂದೇ ಕಡೆ ಹೊಳೆಯುತ್ತಿತ್ತು. ಇನ್ನೊಂದು ಕಡೆಯ ಮರಕ್ಕೆ ಅದು ತಾಗಿಯೇ ಇರಲಿಲ್ಲ.

ಅವತ್ತಿನಿಂದ ನನ್ನ ಟೇಬಲ್ ಮೇಲೆ ಅಂಟಿನ ಡಬ್ಬಿ ಬರುವುದು ಕೊನೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ. ಪಿಯಾನೊದ ಮಾತು ಜಾಸ್ತಿ ಇದೆ. ಆದರೆ ಭಜನಾ ಮಂಡಳಿಯ ಹಾರ್ಮೋನಿಯಂ ರಿಪೇರಿ ಮಾಡುವವರಿಗೂ ಇದರಲ್ಲಿ ಮುಕ್ಕಾಲು ಭಾಗ ಹಾಗೇ ಹೊಂದುತ್ತದೆ. ನಮ್ಮ ಕಡೆ ಹಾರ್ಮೋನಿಯಂಗಳೇ ಜಾಸ್ತಿ ಅಲ್ವಾ. ಅವರ ಮಾತಿನಂತೆ ನಾನೂ ಕೀಗೆ 'ಮನೆ' ಎಂದೇ ಬರೆಯುತ್ತೇನೆ.

ಎಷ್ಟು ಬಿಗಿಯಬೇಕು?

ಹೊಸಬರು ಮಾಡುವ ಮೊದಲ ತಪ್ಪು, ಕೈಯಲ್ಲಿರುವ ಶಕ್ತಿಯನ್ನೆಲ್ಲ ಕ್ಲಾಂಪಿನ ಹಿಡಿಗೆ ಹಾಕುವುದು. ಕ್ಲಾಂಪಿಗೆ ಇರುವ ಕೆಲಸ ಎರಡು. ಎರಡು ಮುಖಗಳ ನಡುವಿನ ಅಂಟನ್ನು ತೆಳ್ಳಗೆ, ಸಮನಾಗಿ ಹರಡಬೇಕು. ಅಂಟು ಗಟ್ಟಿಯಾಗುವ ತನಕ ತುಂಡುಗಳು ಅಲುಗದಂತೆ ಹಿಡಿಯಬೇಕು. ಸರಿಯಾಗಿ ಕೂರದ ಕೀಲನ್ನು ಒತ್ತಡದಿಂದ ಕೂರಿಸುವುದು ಅದರ ಕೆಲಸವಲ್ಲ. ಕೈಯಲ್ಲಿ ಒತ್ತಿದಾಗ ಮುಚ್ಚದ ಸಂದು ಕ್ಲಾಂಪಿಗೆ ಮುಚ್ಚಿದರೆ, ಅಲ್ಲಿ ಮರ ಬಾಗಿದೆ ಎಂದರ್ಥ. ಕ್ಲಾಂಪು ತೆಗೆದ ಮೇಲೂ ಆ ಮರ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ.

ಲೆಕ್ಕ ಬೇಕು ಎನ್ನುವವರಿಗೆ: ಬಿಳಿ ಅಂಟಿಗೆ ಮೆತ್ತನೆ ಮರದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 7ರಿಂದ 10 ಕಿಲೊ ಒತ್ತಡ, ಗಟ್ಟಿ ಮರದಲ್ಲಿ 12ರಿಂದ 17 ಕಿಲೊ ಎಂದು ಹೇಳುವುದು ವಾಡಿಕೆ. 2 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಒಂದು ಕೀಲು ತೆಗೆದುಕೊಳ್ಳಿ. ಅದು 20 ಚದರ ಸೆಂ.ಮೀ. ಮೆತ್ತನೆ ಮರವಾದರೆ 140ರಿಂದ 200 ಕಿಲೊ. ಕೇಳಿದರೆ ಹೆದರಿಕೆಯಾಗುತ್ತದೆ. ಆದರೆ ಕೈಯಗಲದ ಒಂದು ಸಿ ಕ್ಲಾಂಪನ್ನು (ಇಂಗ್ಲಿಷಿನ C ಆಕಾರದ, ಸ್ಕ್ರೂ ಇರುವ ಕ್ಲಾಂಪು) ಮಾಮೂಲಿ ಬಲದಲ್ಲಿ ತಿರುಗಿಸಿದರೂ ಅಷ್ಟು ಒತ್ತಡ ಬರುತ್ತದೆ. ಸರೇಸು ಎಂಬ ಹಳೇ ಅಂಟಿಗೆ ಇದಕ್ಕಿಂತ ಕಡಿಮೆ ಸಾಕು. ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟಿಗೆ ಇನ್ನೂ ಕಡಿಮೆ. ಎಪಾಕ್ಸಿ ಹಾಕಿದ ಕೀಲನ್ನು ಜೋರಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹೋಗಿ ಒಳಗೆ ಬರೀ ಮರ ಉಳಿಯುತ್ತದೆ.

ನಾನು ಲೆಕ್ಕ ಹಾಕುವುದಿಲ್ಲ, ಅಂಚು ನೋಡುತ್ತೇನೆ. ಬಿಗಿಯುತ್ತಾ ಹೋದಂತೆ ಸಂದಿನ ಉದ್ದಕ್ಕೂ ಸಾಸಿವೆ ಕಾಳಿನಂತೆ ಸಣ್ಣ ಹನಿಗಳು ಏಳಬೇಕು. ಎದ್ದರೆ ನಿಲ್ಲಿಸಿ. ಒಂದು ಕಡೆ ಧಾರೆ ಸುರಿದು ಇನ್ನೊಂದು ಕಡೆ ಒಣಗಿದ್ದರೆ ಕ್ಲಾಂಪು ವಾರೆಯಾಗಿದೆ. ಎಲ್ಲೂ ಹನಿ ಇಲ್ಲದಿದ್ದರೆ ಅಂಟು ಕಡಿಮೆಯಾಗಿದೆ, ಇಲ್ಲವೇ ತಡವಾಗಿದೆ.

ಇನ್ನೊಂದು ವಿಷಯ. ಕ್ಲಾಂಪಿನ ಒತ್ತಡ ಅದರ ಬಾಯಿಯ ಕೆಳಗಷ್ಟೇ ನಿಲ್ಲುವುದಿಲ್ಲ. ಮರದೊಳಗೆ ಎರಡೂ ಬದಿಗೆ ಸುಮಾರು 45 ಡಿಗ್ರಿಯಲ್ಲಿ ಅಗಲವಾಗುತ್ತಾ ಹೋಗುತ್ತದೆ. ಮೇಲೆ ದಪ್ಪ ಹಲಗೆ ಇಟ್ಟಷ್ಟೂ ಒತ್ತಡ ದೂರಕ್ಕೆ ಹರಡುತ್ತದೆ. ತೆಳ್ಳಗಿನ ಪಟ್ಟಿಗೆ ಹತ್ತು ಕ್ಲಾಂಪು ಬೇಕಾದ ಕಡೆ, ಮೇಲೊಂದು ದಪ್ಪ ರೀಪು ಇಟ್ಟರೆ ನಾಲ್ಕೈದರಲ್ಲಿ ಕೆಲಸ ಮುಗಿಯುತ್ತದೆ.

ನಮ್ಮ ಬಿಸಿಲು, ನಮ್ಮ ಅಂಟು

ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ತಂಪು ದೇಶದವರು ಬರೆದ ಪುಸ್ತಕದಲ್ಲಿ 'ಹತ್ತು ನಿಮಿಷ ಸಮಯವಿದೆ' ಎಂದಿದ್ದರೆ ಅದನ್ನು ನಂಬಿ ಕೂರಬೇಡಿ. ಫೆವಿಕಾಲ್‌ನಂಥ ಬಿಳಿ ಅಂಟು ನೀರು ಕಳೆದುಕೊಂಡು ಗಟ್ಟಿಯಾಗುವಂಥದ್ದು. ಒಣ ಗಾಳಿ, ಒಣ ಮರ, ಮೇಲೆ ತಿರುಗುವ ಫ್ಯಾನು ಸೇರಿದರೆ ಆ ಹತ್ತು ನಿಮಿಷ ಮೂರೋ ನಾಲ್ಕೋ ನಿಮಿಷಕ್ಕೆ ಇಳಿಯುತ್ತದೆ. ನಾನು ಬೇಸಿಗೆಯಲ್ಲಿ ಅಂಟಿನ ಕೆಲಸವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸುತ್ತೇನೆ. ಫ್ಯಾನು ಬಂದ್. ಬೆವರು ಕೀಲಿಗೆ ಬೀಳದಂತೆ ಹಣೆಗೊಂದು ಟವೆಲ್ಲು.

ಸರೇಸಿನ ಕಥೆ ಉಲ್ಟಾ. ಚರ್ಮ, ಮೂಳೆಯಿಂದ ಮಾಡಿದ ಈ ಹಳೇ ಅಂಟು ಮೊದಲು ಗಟ್ಟಿಯಾಗುವುದು ತಣ್ಣಗಾಗುವುದರಿಂದ. ನೀರು ಆರುವುದು ಆಮೇಲೆ. ಯುರೋಪಿನ ಚಳಿಯಲ್ಲಿ ಅದು ಕೆಲವೇ ಸೆಕೆಂಡಿನಲ್ಲಿ ಜೆಲ್ಲಿಯಾಗಿಬಿಡುತ್ತದೆ. ಅಲ್ಲಿನವರು ಮರವನ್ನು ಮೊದಲು ಕಾಯಿಸಿಕೊಳ್ಳುತ್ತಾರೆ. ನಮ್ಮ ಮೇ ತಿಂಗಳಲ್ಲಿ ಮರ ತಾನೇ ಕಾದಿರುತ್ತದೆ, ಸರೇಸು ಹಚ್ಚಿ ನಿಧಾನವಾಗಿ ಕ್ಲಾಂಪು ಹಾಕಬಹುದು. ಹಳೇ ಪಿಯಾನೊಗಳನ್ನು ಕಟ್ಟಿದ್ದೇ ಸರೇಸಿನಿಂದ. ಬಿಸಿ ಮತ್ತು ತೇವ ಕೊಟ್ಟರೆ ಅದು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಮುಂದೆ ರಿಪೇರಿ ಮಾಡುವವನು ನಿಮ್ಮನ್ನು ಬೈಯುವುದಿಲ್ಲ.

ಸರೇಸು ಕಾಯಿಸುವುದು ಹೀಗೆ. ಒಂದು ಪಾಲು ಸರೇಸಿಗೆ ಸುಮಾರು ಎರಡು ಪಾಲು ತಣ್ಣೀರು, ತೂಕದಲ್ಲಿ. ಕೆಲವು ಗಂಟೆ ನೆನೆಯಲಿ, ಉಬ್ಬಲಿ. ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಅದರ ಪಾತ್ರೆ ಇಟ್ಟು 60ರಿಂದ 65 ಡಿಗ್ರಿ ಬರುವವರೆಗೆ ಕಾಯಿಸಿ. ನೇರ ಉರಿ ಬೇಡ. ಕುದಿಸಿದರೆ ಅದರ ಬಲ ಹೋಗುತ್ತದೆ. ಒಂದು ಬಾರಿಗೆ ಬೇಕಾದಷ್ಟೇ ಮಾಡಿಕೊಳ್ಳಿ. ನಮ್ಮ ಸೆಕೆಗೆ ಎರಡೇ ದಿನಕ್ಕೆ ವಾಸನೆ ಹೊಡೆಯುತ್ತದೆ, ಮನೆಯವರು ಪಾತ್ರೆ ಸಮೇತ ಹೊರಗೆ ಹಾಕುತ್ತಾರೆ.

ಫೆವಿಕ್ವಿಕ್ ಬಗ್ಗೆ ಎರಡು ಮಾತು. ಕೂದಲೆಳೆ ಬಿರುಕಿಗೆ ಅದು ಒಳ್ಳೆಯದೇ. ಆದರೆ ಪಿಯಾನೊದೊಳಗೆ ಉಣ್ಣೆಯ ಫೆಲ್ಟು, ಬಟ್ಟೆ ತುಂಬಾ ಇರುತ್ತದೆ. ಬಟ್ಟೆಗೆ, ಹತ್ತಿಗೆ ಅದು ಬಿದ್ದರೆ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಏಳಬಹುದು. ಮನೆಯ ತೂತಿನ ಬಟ್ಟೆಗೆ ಒಂದು ಹನಿ ಇಳಿದರೂ ಸಾಕು, ಆ ಮನೆ ಕಲ್ಲಿನಂತೆ ಕೂರುತ್ತದೆ.

ಏನೇನು ಇಟ್ಟುಕೊಳ್ಳಬೇಕು

ಸಿ ಕ್ಲಾಂಪು ಸಣ್ಣವು ಆರು, ದೊಡ್ಡವು ಎರಡು. ಎಫ್ ಕ್ಲಾಂಪು (ಉದ್ದ ಸರಳಿನ ಮೇಲೆ ಬಾಯಿ ಜಾರುವಂಥದ್ದು) ನಾಲ್ಕು, ಅದರಲ್ಲಿ ಎರಡಾದರೂ ಎರಡಡಿ ಉದ್ದದವು. ಒಂದು ಡಜನ್ ಸ್ಪ್ರಿಂಗ್ ಕ್ಲಾಂಪು. ಕೊಳ್ಳುವುದು ಇಷ್ಟೇ. ಉಳಿದದ್ದು ಪುಕ್ಕಟೆ ಸಿಗುತ್ತದೆ.

ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಎರಡು ಬೆರಳಗಲ ಸೀಳಿಟ್ಟುಕೊಳ್ಳಿ. ವಾರೆ, ದುಂಡು, ಸೊಟ್ಟ ಆಕಾರಕ್ಕೆ ಇದಕ್ಕಿಂತ ಒಳ್ಳೆಯ ಕ್ಲಾಂಪಿಲ್ಲ. ಎಳೆದು ಎಳೆದು ಸುತ್ತಿದಷ್ಟೂ ಒತ್ತಡ ಏರುತ್ತದೆ. ಆರು ಸುತ್ತಾದರೆ ಆರು ಪಟ್ಟು.

ಬೆಣೆಗಳು ಬೇಕು, ಜೋಡಿ ಜೋಡಿಯಾಗಿ. ಗುದ್ದಲಿ ಕಾವಿಗೆ ಬಡಿಯುವ ಒಂಟಿ ಬೆಣೆ ಇಲ್ಲಿ ಆಗುವುದಿಲ್ಲ, ಅದು ಒಂದು ಪಕ್ಕಕ್ಕೆ ತಳ್ಳುತ್ತದೆ. ಒಂದೇ ಇಳಿಜಾರಿನ ಎರಡು ಬೆಣೆಯನ್ನು ಎದುರುಬದುರು ಇಟ್ಟು ಎರಡೂ ತುದಿಯಿಂದ ಮೆಲ್ಲಗೆ ಬಡಿದರೆ ಒತ್ತಡ ನೇರವಾಗಿ ಮೇಲಕ್ಕೇ ಏಳುತ್ತದೆ.

ಕ್ಲಾಂಪಿನ ಬಾಯಿಗೂ ಮರಕ್ಕೂ ನಡುವೆ ಮೆತ್ತೆ ಬೇಕು. ಬಳ್ಳಾರಿಯಲ್ಲಿ ಇದಕ್ಕೆ ಬರವಿಲ್ಲ. ಊರು ತುಂಬ ಜೀನ್ಸ್ ಹೊಲಿಯುವ ಘಟಕಗಳಿವೆ, ಕತ್ತರಿಸಿದ ದಪ್ಪ ಬಟ್ಟೆಯ ಚೂರು ಕೇಳಿದರೆ ಚೀಲ ತುಂಬಿ ಕೊಡುತ್ತಾರೆ. ಪ್ಲೈವುಡ್ ತುಂಡಿಗೆ ಒಂದು ಪದರ ಜೀನ್ಸ್ ಅಂಟಿಸಿಕೊಂಡರೆ ಪಾಲಿಶ್ ಮೇಲೆ ಗುರುತು ಬೀಳುವುದಿಲ್ಲ. ಅಂಟು ತಾಗುವ ಕಡೆ ಮಾತ್ರ ಬಟ್ಟೆ ಬೇಡ. ಅಲ್ಲಿ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಅಥವಾ ಮೇಣ ಉಜ್ಜಿದ ಕಾಗದ ಇಡಿ. ಇದನ್ನು ಮರೆತು ಒಮ್ಮೆ ರೀಪನ್ನೂ ಪಿಯಾನೊಗೆ ಸೇರಿಸಿ ಅಂಟಿಸಿದ್ದೇನೆ. ಬಿಡಿಸಲು ಅರ್ಧ ದಿನ ಹಿಡಿಯಿತು.

ಕೊನೆಗೆ ಬಿದಿರಿನ ಸೀಳು, ಒಂದು ಗಟ್ಟಿ ಹಗ್ಗ, ಒಂದು ಮೋಟು ಕೋಲು. ಬಂಡಿಗೆ ಮೇವು ಹೇರಿ ಹಗ್ಗಕ್ಕೆ ಕೋಲು ಸಿಕ್ಕಿಸಿ ತಿರುವಿ ಬಿಗಿಯುವುದನ್ನು ನೋಡಿರುತ್ತೀರಿ. ಪಿಯಾನೊ ಸ್ಟೂಲಿನ ಕಾಲು, ಹಾರ್ಮೋನಿಯಂ ಪೆಟ್ಟಿಗೆಯ ನಾಲ್ಕು ಮೂಲೆ, ಎರಡಕ್ಕೂ ಅದೇ ಉಪಾಯ.

ತಾಲೀಮು

ನಾಟಕದವರ ಊರಲ್ಲಿ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅಂಟು ಇಲ್ಲದೆ ಇಡೀ ಕೆಲಸವನ್ನು ಒಮ್ಮೆ ಮಾಡಿ ನೋಡಿ. ತುಂಡು ಕೂಡಿಸಿ, ಮೆತ್ತೆ ಇಡಿ, ಕ್ಲಾಂಪು ಒಂದೊಂದಾಗಿ ಹಾಕಿ, ಬಿಗಿಯಿರಿ. ಬೆಳಕಿಗೆ ಹಿಡಿದು ಸಂದು ನೋಡಿ. ಯಾವ ಕ್ಲಾಂಪು ಮೊದಲು, ಯಾವುದು ಆಮೇಲೆ ಎಂದು ಸೀಮೆಸುಣ್ಣದಲ್ಲಿ ಮರದ ಮೇಲೆ ನಂಬರು ಹಾಕಿ. ಕ್ಲಾಂಪಿನ ಬಾಯಿಯನ್ನು ಬೇಕಾದ್ದಕ್ಕಿಂತ ಎರಡು ಸುತ್ತು ಮಾತ್ರ ಜಾಸ್ತಿ ತೆರೆದು, ಬಳಸುವ ಕ್ರಮದಲ್ಲೇ ಸಾಲಾಗಿ ಇಡಿ. ಗಡಿಯಾರ ನೋಡಿಕೊಂಡು ಇನ್ನೊಮ್ಮೆ ಮಾಡಿ. ಮೂರು ನಿಮಿಷ ದಾಟಿದರೆ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಳ್ಳಿ, ಇಲ್ಲವೇ ಕೆಲಸವನ್ನು ಎರಡು ಭಾಗ ಮಾಡಿ.

ತಾಲೀಮಿನಲ್ಲಿ ಸಂದು ಮುಚ್ಚದಿದ್ದರೆ ಅಲ್ಲೇ ನಿಲ್ಲಿ. ಹಳೇ ಅಂಟಿನ ಚೂರು ಒಳಗೆ ಕೂತಿರುತ್ತದೆ, ಇಲ್ಲವೇ ಒಂದು ಸಿಬಿರು ಅಡ್ಡ ಮಲಗಿರುತ್ತದೆ. ನಮ್ಮ ಕೆಂಪು ಧೂಳೂ ಸಾಮಾನ್ಯದ್ದಲ್ಲ. ಅದಿರಿನ ಲಾರಿ ಓಡಾಡುವ ರಸ್ತೆ ಪಕ್ಕದ ಮನೆಯ ಪಿಯಾನೊ ಹಿಂಬದಿ ತೆಗೆದರೆ ಬೆರಳು ಕೆಂಪಾಗುತ್ತದೆ. ಆ ಧೂಳಿನ ಮೇಲೆ ಯಾವ ಅಂಟೂ ಮರವನ್ನು ಹಿಡಿಯುವುದಿಲ್ಲ. ಮೊದಲು ಬ್ರಷ್ಷು, ಆಮೇಲೆ ಒಣ ಬಟ್ಟೆ, ಆಮೇಲೆ ತಾಲೀಮು.

ಮುರಿದ ಮನೆ

ಪಿಯಾನೊ ಮನೆಯಲ್ಲಿ ಹೊರಗೆ ಕಾಣುವ ಬಿಳಿ ತುಂಡು ಅರ್ಧವೂ ಅಲ್ಲ. ಉಳಿದದ್ದು ಒಳಗೆ ಹೋಗುವ ಉದ್ದನೆಯ ಮರದ ಸನ್ನೆ. ಅದರ ನಡುವೆ ಒಂದು ತೂತು, ಆ ತೂತಿನಲ್ಲಿ ಒಂದು ಲೋಹದ ಪಿನ್ನು. ಮನೆ ಮೇಲೆ ಕೆಳಗೆ ಆಡುವುದು ಆ ಪಿನ್ನಿನ ಆಧಾರದಲ್ಲಿ. ತೂತಿನ ಕಡೆ ಮರ ಕಡಿಮೆ. ಆದ್ದರಿಂದ ಮಕ್ಕಳು ಗುದ್ದಿದಾಗ ಮುರಿಯುವುದೂ ಅಲ್ಲೇ.

ಮುರಿದ ಎರಡೂ ಮುಖವನ್ನು ಮುಟ್ಟಬೇಡಿ, ಉಜ್ಜಬೇಡಿ. ಆ ಮೊನಚು ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡರೇ ಮನೆಯ ಉದ್ದ ಮೊದಲಿನಷ್ಟಾಗುವುದು. ಮಡಚಿದ ಎಳೆ ಇದ್ದರೆ ಸೂಜಿಯಿಂದ ನೇರ ಮಾಡಿ. ಸಡಿಲವಾದ ಚೂರು ಬಿದ್ದಿದ್ದರೆ ಹುಡುಕಿ ಎತ್ತಿಟ್ಟುಕೊಳ್ಳಿ.

ಈಗ ಹಾಸಿಗೆ ಮಾಡಿಕೊಳ್ಳಿ. ಮನೆಗಿಂತ ಉದ್ದದ, ಪಕ್ಕಾ ಚಪ್ಪಟೆಯಾದ ಒಂದು ಹಲಗೆ. ಮೇಲೆ ಪ್ಲಾಸ್ಟಿಕ್. ಮನೆಯ ಒಂದು ಪಕ್ಕಕ್ಕೆ ನೇರವಾದ ರೀಪನ್ನು ಹಲಗೆಗೆ ಸ್ಕ್ರೂ ಹಾಕಿ ಕೂರಿಸಿ. ಎಷ್ಟೋ ಮನೆಗಳು ನೇರವಾಗಿರುವುದಿಲ್ಲ, ಒಳಗೆ ಹೋಗುತ್ತಾ ವಾರೆಯಾಗುತ್ತವೆ. ಅಂಥದ್ದಕ್ಕೆ ಪಕ್ಕದ ಮನೆಯನ್ನೇ ಅಳತೆಗೆ ಇಟ್ಟು, ಅದರ ವಾರೆಗೆ ತಕ್ಕಂತೆ ರೀಪನ್ನು ಎರಡು ತುಂಡಾಗಿ ಕೂರಿಸಿ.

ತೂತಿಗೆ ಅಂಟು ಇಳಿಯಬಾರದು. ಪಿನ್ನಿನಷ್ಟೇ ದಪ್ಪದ ಬಿದಿರು ಕಡ್ಡಿಗೆ ಮೇಣದಬತ್ತಿ ಚೆನ್ನಾಗಿ ಉಜ್ಜಿ ತೂತಿನಲ್ಲಿ ನಿಲ್ಲಿಸಿ.

ತಾಲೀಮು ಮಾಡಿ.

ಅಂಟನ್ನು ಸಣ್ಣ ಬ್ರಷ್ಷಿನಿಂದ ಎರಡೂ ಮುಖಕ್ಕೆ ಹಚ್ಚಿ. ಎಳೆಗಳ ಬುಡಕ್ಕೂ ಹೋಗಬೇಕು. ಮುಂದಿನದು ಕ್ರಮ ತಪ್ಪಬಾರದ ಜಾಗ. ಮೊದಲು ಉದ್ದಕ್ಕೆ ಒತ್ತಿ: ಎರಡಡಿಯ ಎಫ್ ಕ್ಲಾಂಪನ್ನು ಮನೆಯ ಎರಡು ತುದಿಗೆ, ಮೆತ್ತೆ ಕೊಟ್ಟು, ಎಳೆಗಳು ಒಳಗೆ ಕೂರುವಷ್ಟು ಮಾತ್ರ. ಜಾಸ್ತಿಯಾದರೆ ಮನೆ ಮುರಿದ ಜಾಗದಲ್ಲಿ ಮೇಲಕ್ಕೆ ಬಿಲ್ಲಿನಂತೆ ಏಳುತ್ತದೆ. ಆಮೇಲೆ ಮೇಲಿನಿಂದ ಇನ್ನೊಂದು ರೀಪು ಇಟ್ಟು ಹಲಗೆಗೆ ಒತ್ತಿ, ಮುರಿದ ಜಾಗದ ಆಚೆ ಒಂದು, ಈಚೆ ಒಂದು ಕ್ಲಾಂಪು. ಕಡ್ಡಿ ನಿಂತಿರುವ ಕಡೆ ಈ ರೀಪಿಗೆ ಮೊದಲೇ ಒಂದು ಸೀಳು ಮಾಡಿಟ್ಟಿರಬೇಕು. ಕೊನೆಗೆ ಪಕ್ಕದಿಂದ, ರೀಪಿನ ಕಡೆಗೆ ಒಂದು. ಈಗ ಹಿಂದಿರುಗಿ ಉದ್ದದ ಕ್ಲಾಂಪಿಗೆ ಕಾಲು ಸುತ್ತು ಕೊಡಿ. ಹನಿ ಎದ್ದಿತಾ? ಸಾಕು.

ಐದು ನಿಮಿಷಕ್ಕೊಮ್ಮೆ ಕಡ್ಡಿಯನ್ನು ತಿರುಗಿಸಿ. ಅಂಟು ರಬ್ಬರಿನಂತಾದಾಗ ತಿರುಗಿಸುತ್ತಲೇ ಎಳೆದು ತೆಗೆಯಿರಿ. ಮರೆತರೆ ಅದೂ ಮನೆಯ ಭಾಗವಾಗುತ್ತದೆ.

ಬಿಳಿ ಅಂಟಾದರೆ ಒಂದೆರಡು ಗಂಟೆಗೆ ಕ್ಲಾಂಪು ತೆಗೆಯಬಹುದು ಎನ್ನುತ್ತಾರೆ. ಇದು ದಿನಕ್ಕೆ ಸಾವಿರ ಸಲ ಪೆಟ್ಟು ತಿನ್ನುವ ಕೀಲು. ನಾನು ಮರುದಿನದವರೆಗೂ ಮುಟ್ಟುವುದಿಲ್ಲ. ಆಮೇಲೂ ತೂತಿನ ಎರಡು ಪಕ್ಕ ಸುಮಾರು ಒಂದು ಮಿಲಿಮೀಟರ್ ಆಳ ಕೆತ್ತಿ, ತೆಳ್ಳಗಿನ ಮರದ ಪಟ್ಟಿ ಕೂರಿಸಿ, ಸ್ಪ್ರಿಂಗ್ ಕ್ಲಾಂಪಿನಲ್ಲಿ ಹಿಡಿದು ಅಂಟಿಸುತ್ತೇನೆ. ಪಟ್ಟಿ ಹೊರಗೆ ಉಬ್ಬಬಾರದು, ಪಕ್ಕದ ಮನೆಗೆ ತಾಗುತ್ತದೆ. ಉಬ್ಬಿದ್ದರೆ ಉಪ್ಪು ಕಾಗದದಲ್ಲಿ ಸಮ ಮಾಡಿ.

ಹ್ಯಾಮರಿನ ಕಡ್ಡಿ

ತಂತಿಗೆ ಬಡಿಯುವ ಫೆಲ್ಟಿನ ತಲೆಗೆ ಒಂದು ತೆಳ್ಳನೆ ಮರದ ಕಡ್ಡಿ ಇರುತ್ತದೆ, ದಪ್ಪ ಸುಮಾರು 5.5 ಮಿ.ಮೀ. ಅದು ಉದ್ದಕ್ಕೆ ವಾರೆಯಾಗಿ ಸೀಳಿದ್ದರೆ ಅಂಟಿಸಬಹುದು. ಅಡ್ಡಕ್ಕೆ ಕಟ್ಟೆಂದು ಮುರಿದಿದ್ದರೆ ಕಡ್ಡಿಯನ್ನೇ ಬದಲಿಸಿ, ಸುಮ್ನೆ ಹಟ ಬೇಡ.

ಇಷ್ಟು ಸಣ್ಣದಕ್ಕೆ ಕ್ಲಾಂಪು ಹಾಕಿದರೆ ಜಾರುತ್ತದೆ. ದಾರ ಸುತ್ತಬೇಕು. ಸೀಳಿಗೆ ಅಂಟು ಹಚ್ಚಿ, ಬೆರಳಲ್ಲಿ ಒತ್ತಿ, ಮೇಲೆ ಪ್ಲಾಸ್ಟಿಕ್ಕಿನ ಒಂದು ತೆಳು ಪಟ್ಟಿ ಸುತ್ತಿ. ಅದರ ಮೇಲೆ ಗಟ್ಟಿ ಹತ್ತಿ ದಾರವನ್ನು ಸೀಳಿನ ನಡುವಿನಿಂದ ಶುರು ಮಾಡಿ ಒಂದು ತುದಿಗೆ, ಅಲ್ಲಿಂದ ವಾಪಸು ಇನ್ನೊಂದು ತುದಿಗೆ, ಒತ್ತಾಗಿ ಸುತ್ತಿ. ಬುಗುರಿಗೆ ಚಾಟಿ ಸುತ್ತಿದ ಕೈಗೆ ಇದು ತಾನೇ ಬರುತ್ತದೆ. ಸುತ್ತಿದ ತಕ್ಷಣ ಹ್ಯಾಮರ್ ತಲೆ ಅಕ್ಕಪಕ್ಕದವುಗಳ ಸಾಲಿನಲ್ಲೇ ಇದೆಯಾ ನೋಡಿ. ಕಡ್ಡಿ ಕೂದಲೆಳೆಯಷ್ಟು ತಿರುಚಿದ್ದರೂ ತಲೆ ಪಕ್ಕದ ತಂತಿಗೆ ಹೋಗಿ ಬಡಿಯುತ್ತದೆ. ಮರುದಿನ ದಾರ ಬಿಚ್ಚಿ, ಪ್ಲಾಸ್ಟಿಕ್ ಸುಲಿದು, ಅಂಟಿನ ಗಂಟು ಕೆರೆದು ತೆಗೆಯಿರಿ.

ಎದ್ದ ವಿನೀರು

ಪಿಯಾನೊದ ಹೊರಮೈ ಮೇಲಿನ ತೆಳು ಮರದ ಹೊದಿಕೆ ನಮ್ಮ ಬಿಸಿಲಿಗೆ ಹಪ್ಪಳದ ಹಾಗೆ ಏಳುತ್ತದೆ. ಅಂಚಿನಲ್ಲಿ ಎದ್ದಿದ್ದರೆ ಸುಲಭ. ಕಾರ್ಡಿನ ಮೂಲೆಯಿಂದ ಅಂಟು ಒಳಗೆ ತಳ್ಳಿ, ಪ್ಲಾಸ್ಟಿಕ್ ಇಟ್ಟು, ದಪ್ಪ ಹಲಗೆ ಇಟ್ಟು ಬಿಗಿಯಿರಿ. ನಡುವೆ ಗುಳ್ಳೆ ಎದ್ದಿದ್ದರೆ ಬ್ಲೇಡಿನಿಂದ ಮರದ ಎಳೆ ಹೋದ ದಿಕ್ಕಿಗೇ ಒಂದು ಸಣ್ಣ ಸೀಳು ಕೊಟ್ಟು, ಸಿರಿಂಜಿನಲ್ಲಿ ಅಂಟು ಬಿಡಿ.

ಕಷ್ಟ ಇರುವುದು ಒತ್ತುವುದರಲ್ಲಿ. ಗುಳ್ಳೆ ಹಲಗೆಯ ನಡುವಿದ್ದರೆ ಯಾವ ಕ್ಲಾಂಪಿನ ಬಾಯಿಯೂ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೆ ಒಂದು ಉದ್ದನೆಯ ದಪ್ಪ ರೀಪು ತೆಗೆದುಕೊಂಡು, ಒಂದು ಮುಖವನ್ನು ರಂದದಲ್ಲಿ ಸ್ವಲ್ಪ ಉಬ್ಬು ಮಾಡಿ. ನಡುವೆ ಎರಡು ಮಿಲಿಮೀಟರ್ ಎತ್ತರ, ತುದಿಗೆ ಸೊನ್ನೆ. ಉಬ್ಬು ಮುಖ ಗುಳ್ಳೆಯ ಮೇಲೆ ಬರುವಂತಿಟ್ಟು ಎರಡು ತುದಿಗೆ ಮಾತ್ರ ಕ್ಲಾಂಪು ಹಾಕಿ. ತುದಿ ಕೆಳಗಿಳಿದು ರೀಪು ನೇರವಾಗುವಾಗ ನಡುಭಾಗ ಗಟ್ಟಿಯಾಗಿ ಒತ್ತುತ್ತದೆ. ಸಪಾಟು ರೀಪು ಹಾಕಿದರೆ ಇದರ ಉಲ್ಟಾ ಆಗುತ್ತದೆ, ತುದಿ ಒತ್ತಿ ನಡುವೆ ಗುಳ್ಳೆ ಹಾಗೇ ಉಳಿಯುತ್ತದೆ.

ದುಂಡು ಅಂಚಿಗೆ ಮರಳಿನ ಚೀಲ ಹಾಕಿ. ಬಾಣಲೆಯಲ್ಲಿ ಕೈಗೆ ತಾಳುವಷ್ಟು ಬಿಸಿ ಮಾಡಿದ ಮರಳನ್ನು ಹಳೇ ದಿಂಬಿನ ಚೀಲಕ್ಕೆ ತುಂಬಿ ಮೇಲೆ ಕೂರಿಸಿದರೆ ಅದು ಯಾವ ಆಕಾರಕ್ಕಾದರೂ ಹೊಂದಿಕೊಳ್ಳುತ್ತದೆ. ಹಳೇ ಸರೇಸಿದ್ದರೆ ಆ ಬಿಸಿಗೆ ಮತ್ತೆ ಅಂಟಲೂಬಹುದು. ಇಸ್ತ್ರಿ ಪೆಟ್ಟಿಗೆ ಇಡುವವರೂ ಇದ್ದಾರೆ. ಆದರೆ ಹಳೇ ಪಿಯಾನೊಗಳ ಮೇಲೆ ಅರಗಿನ ಪಾಲಿಶ್ ಇರುತ್ತದೆ. ಬಿಸಿ, ತೇವ ಎರಡಕ್ಕೂ ಅದು ಬೆಳ್ಳಗಾಗುತ್ತದೆ. ಹಿಂಬದಿಯ ಕಾಣದ ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿ ಮುಂದೆ ಬನ್ನಿ.

ಸೌಂಡ್ ಬೋರ್ಡಿನ ಬೆನ್ನು

ಇದು ದೊಡ್ಡ ಕೆಲಸ. ಸೌಂಡ್ ಬೋರ್ಡ್ ಎಂದರೆ ತಂತಿಯ ಸದ್ದನ್ನು ಕೋಣೆ ತುಂಬಿಸುವ ದೊಡ್ಡ ತೆಳು ಹಲಗೆ. ಮರ ಸ್ಪ್ರೂಸ್, ದಪ್ಪ ಒಂದು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ಅದರ ಬೆನ್ನಿಗೆ ಅಡ್ಡಡ್ಡ ಪಟ್ಟಿಗಳನ್ನು ಅಂಟಿಸಿರುತ್ತಾರೆ, ರಿಬ್ ಎನ್ನುತ್ತಾರೆ. ಒಣ ಹವೆಯಲ್ಲಿ ಹಲಗೆ ಕುಗ್ಗುತ್ತದೆ, ರಿಬ್ ಅದರ ಜೊತೆ ಕುಗ್ಗುವುದಿಲ್ಲ, ನಡುವಿನ ಅಂಟು ಬಿಡುತ್ತದೆ. ಆಗ ಕೆಲವು ಸ್ವರ ನುಡಿಸಿದರೆ ಡಬ್ಬಿಯಲ್ಲಿ ಜೀರುಂಡೆ ಸಿಕ್ಕಿಕೊಂಡಂತೆ ಗುಂಯ್‌ಗುಡುತ್ತದೆ. ನಿಲುವು ಪಿಯಾನೊ ಆದರೆ ಗೋಡೆಯಿಂದ ಎಳೆದು ಹಿಂಬದಿಯ ಬಟ್ಟೆ ತೆಗೆದರೆ ಎಲ್ಲ ಕಾಣುತ್ತದೆ. ಎಳೆಯಲು ಕನಿಷ್ಠ ಮೂವರು ಬೇಕು. ಅದರ ಭಾರವೆಲ್ಲ ಹಿಂದಕ್ಕೇ ಇರುತ್ತದೆ, ಹಿಂದಕ್ಕೆ ಬಿದ್ದರೆ ಕೆಳಗಿದ್ದವರು ಉಳಿಯುವುದು ಕಷ್ಟ.

ರಿಬ್‌ಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಬಿಟ್ಟ ಕಡೆ ಟಪಟಪ ಎನ್ನುತ್ತದೆ. ತೆಳು ಚಾಕು ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ ನೋಡಿ ಗುರುತು ಹಾಕಿ. ಒಂದು ಉಪ್ಪು ಕಾಗದದ ಪಟ್ಟಿಯನ್ನು ಮಡಚಿ ಸಂದಿನೊಳಗೆ ಎಳೆದಾಡಿ, ಎರಡೂ ಮುಖದ ಹಳೇ ಅಂಟು, ಧೂಳು ಹೋಗಲಿ. ಗಾಳಿ ಊದಿ ಹೊರಗೆ ಹಾಕಿ.

ಇಲ್ಲಿ ಸಿ ಕ್ಲಾಂಪು ಆಗುವುದಿಲ್ಲ. ಹಲಗೆಯ ಆಚೆ ತಂತಿ ಮತ್ತು ಬೀಡು ಕಬ್ಬಿಣದ ಚೌಕಟ್ಟು. ಸುಮಾರು 230 ತಂತಿಯ ಒಟ್ಟು ಎಳೆತ 15ರಿಂದ 20 ಟನ್. ಆ ಕಡೆಗೆ ಕೈ ಹಾಕುವುದೇ ಬೇಡ. ಬದಲಿಗೆ ಪಿಯಾನೊದ ಬೆನ್ನ ಮೇಲಿನ ದಪ್ಪ ಕಂಬಗಳನ್ನೇ ಆಧಾರ ಮಾಡಿಕೊಳ್ಳಿ. ಕಂಬ ರಿಬ್ಬಿನ ಮೇಲೆ ಹಾದುಹೋಗುವ ಕಡೆ, ಎರಡರ ನಡುವೆ ಜೋಡಿ ಬೆಣೆ. ಕಂಬ ಇಲ್ಲದ ಕಡೆ ಎರಡು ಕಂಬದ ಒಳಮುಖಕ್ಕೆ ತಾಗುವಂತೆ ಒಂದು ಗಟ್ಟಿ ರೀಪನ್ನು ಅಡ್ಡ ಇಟ್ಟು, ಕಂಬಕ್ಕೆ ಕ್ಲಾಂಪು ಹಾಕಿ, ರೀಪಿಗೂ ರಿಬ್ಬಿಗೂ ನಡುವೆ ಬೆಣೆ.

ಅಂಟನ್ನು ಹಳೇ ಎಕ್ಸ್‌ರೇ ಫಿಲ್ಮಿನ ಪಟ್ಟಿಯಲ್ಲಿ ಸಂದಿನೊಳಗೆ ತುಂಬಿ. ಎರಡೂ ಅಂಚಿನಿಂದ ತುಂಬಬೇಕು. ಬೆಣೆಯನ್ನು ಬಿಟ್ಟ ಭಾಗದ ನಡುವಿನಿಂದ ಶುರು ಮಾಡಿ ಹೊರಗೆ ಬನ್ನಿ, ಅಂಟಿಗೆ ಓಡಲು ದಾರಿ ಸಿಗುತ್ತದೆ. ಸುತ್ತಿಗೆ ಬೇಡ, ಕೊಡತಿಯ ಹಿಡಿಯಿಂದ ತಟ್ಟಿದರೆ ಸಾಕು. ಸಂದು ಮುಚ್ಚಿ ಹನಿ ಎದ್ದ ಕ್ಷಣವೇ ನಿಲ್ಲಿಸಿ. ಇನ್ನೂ ಬಡಿದರೆ ಇಡೀ ಹಲಗೆಯನ್ನು ತಂತಿಯ ಕಡೆಗೆ ತಳ್ಳುತ್ತೀರಿ, ಶ್ರುತಿ ಮೇಲೇರುತ್ತದೆ. ನನ್ನ ಅಭ್ಯಾಸ ಏನೆಂದರೆ, ಶುರುವಿಗೆ ಮುಂಚೆ ಆ ಜಾಗದ ಒಂದು ಸ್ವರವನ್ನು ಫೋನಿನ ಟ್ಯೂನರಿನಲ್ಲಿ ನೋಡಿಟ್ಟುಕೊಂಡಿರುತ್ತೇನೆ. ಬೆಣೆ ಹಾಕಿದ ಮೇಲೆ ಮತ್ತೆ ನುಡಿಸುತ್ತೇನೆ. ಮುಳ್ಳು ತುಂಬಾ ಸರಿದಿದ್ದರೆ ಬೆಣೆ ಸಡಿಲಿಸುತ್ತೇನೆ.

ಹಲಗೆ ಹೊರಗೆ ತೆಗೆದಿದ್ದರೆ, ಅಥವಾ ಹಾರ್ಮೋನಿಯಂ ಮುಚ್ಚಳದಂಥ ಅಗಲ ತುಂಡಾಗಿದ್ದರೆ, ಬಿದಿರಿನ ಸೀಳು ಬಳಸಿ. ಎರಡು ದಪ್ಪ ಪ್ಲೈವುಡ್ ಹಲಗೆಯನ್ನು ನಾಲ್ಕು ಮೂಲೆಗೆ ಥ್ರೆಡ್ ರಾಡ್ ಹಾಕಿ, ಎರಡಡಿ ಅಂತರದಲ್ಲಿ ಮೇಲೆ ಕೆಳಗೆ ನಿಲ್ಲಿಸಿ. ಕೆಲಸದ ತುಂಡನ್ನು ಕೆಳಗಿನ ಹಲಗೆ ಮೇಲಿಡಿ. ಅಂತರಕ್ಕಿಂತ ಸ್ವಲ್ಪ ಉದ್ದದ ಬಿದಿರು ಸೀಳನ್ನು ಬಾಗಿಸಿ, ಒಂದು ತುದಿ ಮೇಲಿನ ಹಲಗೆಗೆ, ಇನ್ನೊಂದು ತುದಿ ಅಂಟಿಸುವ ಪಟ್ಟಿಗೆ ಸಿಕ್ಕಿಸಿ. ಇದರಲ್ಲೊಂದು ಸೊಗಸಿದೆ. ಸೀಳು ಒಮ್ಮೆ ಬಾಗಿತೆಂದರೆ ಇನ್ನಷ್ಟು ಬಾಗಿಸಿದರೂ ಅದರ ತಳ್ಳು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಜೋರು ಮಾಡಿ ಕೆಡಿಸಲು ಆಗುವುದೇ ಇಲ್ಲ. ಒತ್ತಡ ಜಾಸ್ತಿ ಬೇಕಾದರೆ ದಪ್ಪ ಸೀಳು ಹಾಕಬೇಕು, ಇಲ್ಲವೇ ಇನ್ನೊಂದು ಸೀಳು ಸೇರಿಸಬೇಕು. ಗಿಟಾರ್ ಕಟ್ಟುವವರೂ ಇದನ್ನೇ ಮಾಡುತ್ತಾರೆ. ಸೀಳು ಚಿಮ್ಮಿದರೆ ಮುಖಕ್ಕೇ ಬರುತ್ತದೆ, ಕನ್ನಡಕ ಹಾಕಿಕೊಳ್ಳಿ.

ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಲ್ಲಿ ಕೂಡಿಸಿ, ಸಂದಿಗೆ ಗೋಣಿ ನಾರಿನ ಪುಡಿ, ಮರದ ಹೊಟ್ಟು ಕಲಸಿದ ಕಿಟ್ಟ ತುಂಬುತ್ತಾರೆ. ಅಲ್ಲಿ ಸಂದು ಇದ್ದರೂ ನಡೆಯುತ್ತದೆ, ಕಿಟ್ಟ ಮುಚ್ಚುತ್ತದೆ, ಬಣ್ಣ ಮರೆಸುತ್ತದೆ. ಅದನ್ನು ನೋಡಿ ಹೊಟ್ಟು ಕಲಸಿದ ಅಂಟನ್ನು ಸೌಂಡ್ ಬೋರ್ಡಿಗೆ ತುಂಬಿದವರನ್ನು ನೋಡಿದ್ದೇನೆ. ಗೊಂಬೆ ನಡುಗುವುದಿಲ್ಲ. ಈ ಹಲಗೆ ಸೆಕೆಂಡಿಗೆ ನೂರಾರು ಸಲ ನಡುಗುತ್ತದೆ, ತುಂಬಿದ್ದೆಲ್ಲ ಪುಡಿಯಾಗಿ ಉದುರುತ್ತದೆ.

ಕ್ಲಾಂಪು ತೆಗೆಯುವಾಗ

ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುವ ಚಟ ಬಿಡಿ. ಅದು ನೀರಾಗಿ ಸುತ್ತಲಿನ ಮರಕ್ಕೆ ಇಳಿಯುತ್ತದೆ, ಮುಂದೆ ಪಾಲಿಶ್ ಹಚ್ಚಿದಾಗ ಮಚ್ಚೆ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು, ಅಂಟು ಚರ್ಮದಂತಾದಾಗ ಉಳಿಯ ಮೊನೆಯಿಂದ ಎತ್ತಿದರೆ ದಾರದಂತೆ ಎದ್ದು ಬರುತ್ತದೆ. ಬೇಸಿಗೆಯಲ್ಲಿ ಹದಿನೈದು ನಿಮಿಷಕ್ಕೇ ನೋಡಿ.

ಹೊರಗೆ ಒಣಗಿದೆ ಎಂದು ಒಳಗೂ ಒಣಗಿದೆ ಎಂದುಕೊಳ್ಳಬೇಡಿ. ಕೀಲಿನ ನಡುವಿನ ನೀರು ಮರದ ಮೂಲಕವೇ ಹೊರಗೆ ಹೋಗಬೇಕು. ಬಿಳಿ ಅಂಟು, ಸರೇಸು ಎರಡಕ್ಕೂ ಒಂದು ಪೂರ್ತಿ ದಿನ ಕೊಡಿ. ಮಳೆಗಾಲದಲ್ಲಿ ಎರಡು. ಎಪಾಕ್ಸಿಗೆ ಡಬ್ಬಿಯ ಮೇಲೆ ಬರೆದಷ್ಟು. ಕ್ಲಾಂಪುಗಳನ್ನು ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ, ಒಂದೊಂದಕ್ಕೂ ಅರ್ಧ ಸುತ್ತು ಸಡಿಲಿಸುತ್ತಾ ಹೋಗಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಉಳಿದವುಗಳ ಎಳೆತವೆಲ್ಲ ಒಂದು ಕಡೆಗೆ ಬೀಳುತ್ತದೆ. ಕಿವಿ ಹತ್ತಿರ ಇಟ್ಟುಕೊಳ್ಳಿ. ಚಿಟ್ ಎಂದು ಸಣ್ಣ ಸದ್ದು ಬಂದರೆ ಕೀಲು ಎಲ್ಲೋ ಬಿಡುತ್ತಿದೆ, ಮತ್ತೆ ಬಿಗಿದು ಇನ್ನೊಂದು ದಿನ ಬಿಡಿ.

ಸದ್ದಿಲ್ಲದೆ ಎಲ್ಲ ಸಡಿಲವಾದರೆ ಮನೆಯನ್ನು ಅದರ ಪಿನ್ನಿಗೆ ಕೂರಿಸಿ. ಹಿಂದಿನ ತುದಿಯನ್ನು ಒಂದು ಬೆರಳಲ್ಲಿ ಎತ್ತಿ ಬಿಡಿ. ತಾನೇ ಕೆಳಗಿಳಿದು ಪಕ್ಕದ ಮನೆಗಳ ಮಟ್ಟಕ್ಕೆ ನಿಲ್ಲಬೇಕು. ತಡೆದರೆ ತೂತಿಗೆ ಎಲ್ಲೋ ಅಂಟು ಇಳಿದಿದೆ, ಸಣ್ಣ ದುಂಡು ಅರದಿಂದ ಎರಡೇ ಸಲ ಎಳೆದು ಮತ್ತೆ ನೋಡಿ.